ಮೈನಸ್ 20 ಡಿಗ್ರಿಯಲ್ಲಿ ಕ್ಯಾಮೆರಾ: ಧ್ರುವಪ್ರಭೆ ಪ್ರಶ್ನೋತ್ತರ

ಪ್ರಶ್ನೆ: ಫೆಬ್ರುವರಿಯಲ್ಲಿ ನಾರ್ವೆಯ ಟ್ರೋಮ್ಸೊಗೆ ಹೋಗುತ್ತಿದ್ದೇವೆ. ಕೆಪಿ ಸೂಚ್ಯಂಕ 5 ದಾಟದಿದ್ದರೆ ಧ್ರುವಪ್ರಭೆ ಕಾಣುವುದೇ ಇಲ್ಲ ಅನ್ನುತ್ತಾರೆ. ನಿಜವೇ?
— ಓದುಗರು, ಶಿವಮೊಗ್ಗ

ಉತ್ತರ: ಟ್ರೋಮ್ಸೊ ಮಟ್ಟಿಗೆ ನಿಜವಲ್ಲ. ಕೆಪಿ ಎಂದರೆ ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂಬುದರ ಅಳತೆ. ಧ್ರುವಪ್ರಭೆ ಭೂಮಿಯ ಕಾಂತಧ್ರುವದ ಸುತ್ತ ಉಂಗುರದ ಆಕಾರದಲ್ಲಿ ಹಬ್ಬಿರುತ್ತದೆ. 69 ಡಿಗ್ರಿ ಉತ್ತರ ಅಕ್ಷಾಂಶದ ಆಚೆ ಇರುವ ಟ್ರೋಮ್ಸೊ ಹೆಚ್ಚಿನ ರಾತ್ರಿ ಈ ಉಂಗುರದ ಅಡಿಗೇ ಬರುವುದರಿಂದ ಕೆಪಿ 2 ಇದ್ದರೂ ಒಳ್ಳೆಯ ಬೆಳಕು ಸಿಗಬಹುದು. ದೊಡ್ಡ ಸಂಖ್ಯೆ ಬೇಕಾಗುವುದು ಇನ್ನೂ ದಕ್ಷಿಣದಲ್ಲಿರುವವರಿಗೆ.

ನೀವು ಚಿಂತಿಸಬೇಕಾದದ್ದು ಮೋಡದ ಬಗ್ಗೆ. ಟ್ರೋಮ್ಸೊ ಕರಾವಳಿಯ ಊರು. ಅಲ್ಲಿ ಮೋಡ ಕವಿದ ರಾತ್ರಿಯಲ್ಲೂ ಸ್ಕಿಬೋಟ್ನ್ ಕಣಿವೆ ಹಿಡಿದು ಫಿನ್ಲೆಂಡ್ ಗಡಿಯ ಕಡೆ ಹೋದರೆ ಎಷ್ಟೋ ಸಲ ಆಕಾಶ ತಿಳಿಯಾಗಿರುತ್ತದೆ. ಸ್ವೀಡನ್ನಿನ ಅಬಿಸ್ಕೊ ಬೆಟ್ಟಗಳ ಮಳೆನೆರಳಿನಲ್ಲಿದೆ, ಅದಕ್ಕೇ ಛಾಯಾಗ್ರಾಹಕರಿಗೆ ಅಷ್ಟು ಅಚ್ಚುಮೆಚ್ಚು. ಪ್ರತಿ ಸಂಜೆ ಕೆಪಿಗಿಂತ ಮೊದಲು ಮೋಡದ ನಕ್ಷೆ ನೋಡಿ. ಒಂದೇ ಊರಿನಲ್ಲಿ ಕಾದು ಕೂರಬೇಡಿ.

ಪ್ರಶ್ನೆ: ನಾನು ತೆಗೆದ ಚಿತ್ರಗಳಲ್ಲಿ ನಕ್ಷತ್ರಗಳು ಉಬ್ಬಿದ ಚುಕ್ಕೆಗಳಾಗಿವೆ, ಬೆಳಕು ಹಸಿರು ಬಣ್ಣ ಬಳಿದಂತಿದೆ, ನಡುವೆ ಉಂಗುರದಂಥ ಗೆರೆಗಳೂ ಇವೆ. ಲೆನ್ಸ್ ಕೆಟ್ಟಿದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಲೆನ್ಸ್‌ಗೆ ಏನೂ ಆಗಿಲ್ಲ. ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ.

ಮೊದಲನೆಯದು ಫೋಕಸ್. ಕತ್ತಲಲ್ಲಿ ಆಟೊಫೋಕಸ್ ನಂಬುವಂತಿಲ್ಲ. ಮ್ಯಾನ್ಯುಯಲ್‌ಗೆ ಬದಲಿಸಿ, ಪ್ರಕಾಶಮಾನವಾದ ಒಂದು ನಕ್ಷತ್ರವನ್ನು ಪರದೆಯಲ್ಲಿ ಹಿಗ್ಗಿಸಿ ನೋಡುತ್ತಾ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಫೋಕಸ್ ರಿಂಗ್ ತಿರುಗಿಸಿ. ಅಲ್ಲೇ ಟೇಪ್ ಅಂಟಿಸಿಬಿಡಿ.

ಎರಡನೆಯದು ಶಟರ್ ವೇಗ. ಎಫ್/2.8ರ ವೈಡ್ ಲೆನ್ಸ್, ಐಎಸ್‌ಒ 1600ರಿಂದ 3200, ರಾ ಫೈಲ್ ಎಂದಿಟ್ಟುಕೊಳ್ಳಿ. ಮಂದವಾಗಿ ಹರಡಿ ನಿಂತ ಬೆಳಕಿಗೆ 10ರಿಂದ 15 ಸೆಕೆಂಡ್ ಸರಿ. ಅದು ಪರದೆಯಾಗಿ ಕುಣಿಯತೊಡಗಿದರೆ 2ರಿಂದ 4 ಸೆಕೆಂಡಿಗೆ ಇಳಿಸಿ. ಇಲ್ಲದಿದ್ದರೆ ಮಡಿಕೆಗಳು ಒಂದರೊಳಗೊಂದು ಕಲಸಿಹೋಗುತ್ತವೆ.

ಉಂಗುರಗಳಿಗೆ ಕಾರಣ ಲೆನ್ಸಿಗೆ ಹಾಕಿದ ಯುವಿ ಫಿಲ್ಟರ್. ಧ್ರುವಪ್ರಭೆಯ ಹಸಿರು ಆಮ್ಲಜನಕದ ಪರಮಾಣುಗಳು ಸೂಸುವ, 557.7 ನ್ಯಾನೊಮೀಟರ್ ತರಂಗಾಂತರದ ಒಂದೇ ಬಣ್ಣದ ಬೆಳಕು. ಫಿಲ್ಟರಿನ ಚಪ್ಪಟೆ ಗಾಜಿನ ಎರಡು ಮೈಗಳಿಂದ ಪ್ರತಿಫಲಿಸಿದ ಅಲೆಗಳು ಕೂಡಿ ಕಳೆದು ಗೆರೆ ಮೂಡಿಸುತ್ತವೆ. ಹಗಲ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿರುವುದರಿಂದ ಈ ತೊಂದರೆ ಗಮನಕ್ಕೆ ಬರುವುದಿಲ್ಲ. ಫಿಲ್ಟರನ್ನು ಕೋಣೆಯಲ್ಲೇ ಬಿಚ್ಚಿಟ್ಟು ಹೊರಡಿ. ಚಳಿಗೆ ಕಚ್ಚಿಕೊಂಡರೆ ಹೊರಗೆ ಬಿಚ್ಚಲಾಗುವುದಿಲ್ಲ.

ಪ್ರಶ್ನೆ: ಸ್ವೀಡನ್ನಿನ ಕಿರುನಾದಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇದ್ದ ಬ್ಯಾಟರಿ ಹಠಾತ್ತನೆ ಸತ್ತಿತು. ಒಳಗೆ ಬಂದ ಕೂಡಲೇ ಕ್ಯಾಮೆರಾ ತುಂಬ ನೀರಹನಿ. ಏನು ಮಾಡಬೇಕಿತ್ತು?
— ಸ್ಟಾಕ್‌ಹೋಮ್‌ನಲ್ಲಿರುವ ಕನ್ನಡಿಗರು

ಉತ್ತರ: ಬ್ಯಾಟರಿ ಖಾಲಿಯಾಗಿರಲಿಲ್ಲ. ಕೊರೆಯುವ ಚಳಿಯಲ್ಲಿ ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಬೇಕಾದಷ್ಟು ವಿದ್ಯುತ್ ಹೊರಬರುವುದಿಲ್ಲ. ಬೆಚ್ಚಗಾದರೆ ಬಹುಪಾಲು ಮರಳಿ ಸಿಗುತ್ತದೆ. ಎರಡು ಮೂರು ಬ್ಯಾಟರಿ ಇಟ್ಟುಕೊಂಡು, ಬಳಸದವನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಮೈಶಾಖಕ್ಕೆ ಇಡಿ.

ನೀರಹನಿ ಮೂಡಿದ್ದು ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ಮೂಡುವ ಹಾಗೆಯೇ. ಹೊರಗಿರುವಾಗಲೇ ಮೆಮೊರಿ ಕಾರ್ಡ್ ಮತ್ತು ಬ್ಯಾಟರಿ ತೆಗೆದುಕೊಂಡು, ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಹಾಕಿ ಗಾಳಿಯಾಡದಂತೆ ಮುಚ್ಚಿ. ಒಳಗೆ ತಂದ ಮೇಲೆ ಎರಡು ಮೂರು ಗಂಟೆ ಚೀಲ ತೆರೆಯಬೇಡಿ. ಹನಿಯೆಲ್ಲ ಚೀಲದ ಹೊರಮೈಯಲ್ಲೇ ಕೂರುತ್ತದೆ. ಹೊರಗಿರುವಾಗ ಲೆನ್ಸಿನ ಮೇಲೆ ಬಾಯಿಂದ ಊದಬೇಡಿ. ಉಸಿರಿನ ತೇವ ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ.

ಪ್ರಶ್ನೆ: ಚಳಿ ಎಂದರೇನೆಂದೇ ಗೊತ್ತಿಲ್ಲದ ಊರಿನವಳು ನಾನು. ಅಷ್ಟು ಹೊತ್ತು ಹೊರಗೆ ನಿಲ್ಲಲು ಹೇಗೆ ತಯಾರಾಗಲಿ?
— ಓದುಗರು, ಮಂಗಳೂರು

ಉತ್ತರ: ಹತ್ತಿ ಬಟ್ಟೆ ಬೇಡ. ಬೆವರು ಹೀರಿ ಒದ್ದೆಯಾಗಿ ಮೈ ತಣ್ಣಗಾಗಿಸುತ್ತದೆ. ಮೈಗಂಟಿ ಉಣ್ಣೆ, ಅದರ ಮೇಲೊಂದು ದಪ್ಪ ಪದರ, ಹೊರಗೆ ಗಾಳಿ ತಡೆಯುವ ಜಾಕೆಟ್ ಇರಲಿ. ಬೂಟು ಬಿಗಿಯಾಗಿರಬಾರದು. ಕೈಗೆ ತೆಳುವಾದ ಗವಸು, ಅದರ ಮೇಲೆ ದಪ್ಪನೆಯದು. ಗುಂಡಿ ಒತ್ತುವಾಗ ಹೊರಗಿನದನ್ನಷ್ಟೇ ತೆಗೆಯಿರಿ, ಟ್ರೈಪಾಡಿನ ಲೋಹವನ್ನು ಬರಿಗೈಲಿ ಮುಟ್ಟಬೇಡಿ.

ಬೆರಳ ತುದಿ ಬಿಳಿಚಿಕೊಂಡು ಸ್ಪರ್ಶವೇ ತಿಳಿಯದಿದ್ದರೆ ಕೂಡಲೇ ಒಳಗೆ ಹೋಗಿ. ಉಜ್ಜಬೇಡಿ, ಬೆಂಕಿಗೂ ಹಿಡಿಯಬೇಡಿ. ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ. ಸ್ಪರ್ಶ ಮರಳದಿದ್ದರೆ ವೈದ್ಯರ ಬಳಿ ಹೋಗಿ.

ಇನ್ನೊಂದು ತಯಾರಿ ಮಂಗಳೂರಿನಲ್ಲೇ ಆಗಬೇಕು. ದೀಪ ಆರಿಸಿ, ಗವಸು ತೊಟ್ಟು, ಐಎಸ್‌ಒ, ಶಟರ್, ಫೋಕಸ್ ಬದಲಿಸುವುದನ್ನು ಕೈಗೆ ರೂಢಿ ಮಾಡಿಸಿ. ಚಳಿಯಲ್ಲಿ ಬೆರಳಿನ ಜೊತೆ ಬುದ್ಧಿಯೂ ಜಡವಾಗುತ್ತದೆ. ಧ್ರುವಪ್ರಭೆ ಜೋರಾಗಿ ಕುಣಿಯುವುದು ಕೆಲವೇ ನಿಮಿಷ. ಆಗ ಮೆನು ಹುಡುಕುತ್ತಾ ಕೂತರೆ ಚಿತ್ರ ತಪ್ಪಿಹೋಗುತ್ತದೆ.

ಪ್ರಶ್ನೆ: ಕಣ್ಣಿಗೆ ಬೂದುಬಣ್ಣ, ಕ್ಯಾಮೆರಾದಲ್ಲಿ ಕಡುಹಸಿರು. ಹಾಗಾದರೆ ಈ ಚಿತ್ರಗಳೆಲ್ಲ ಸುಳ್ಳೇ?
— ಓದುಗರು, ಬೆಂಗಳೂರು

ಉತ್ತರ: ಸುಳ್ಳಲ್ಲ. ಮಂದ ಬೆಳಕಿನಲ್ಲಿ ಕಣ್ಣಿನ ದಂಡಕೋಶಗಳು ಮಾತ್ರ ಕೆಲಸ ಮಾಡುತ್ತವೆ, ಅವಕ್ಕೆ ಬಣ್ಣ ತಿಳಿಯದು. ಕ್ಯಾಮೆರಾ ಹಲವು ಸೆಕೆಂಡಿನ ಬೆಳಕನ್ನು ಕೂಡಿಸಿಡುವುದರಿಂದ ಇದ್ದ ಬಣ್ಣವೇ ಅಲ್ಲಿ ಕಾಣುತ್ತದೆ. ಪ್ರಭೆ ಜೋರಾದರೆ ಹಸಿರು ಬರಿಗಣ್ಣಿಗೂ ಕಾಣುತ್ತದೆ. 2024ರ ಮೇ ತಿಂಗಳ ಸೌರ ಬಿರುಗಾಳಿಯಲ್ಲಿ ಲಡಾಖ್‌ನ ಹಾನ್ಲೆಯ ಆಕಾಶದಲ್ಲಿ ಕೆಂಪು ಪ್ರಭೆಯನ್ನು ಸೆರೆಹಿಡಿದದ್ದೂ ಕ್ಯಾಮೆರಾಗಳೇ. ಅಲ್ಲಿನ ವೀಕ್ಷಣಾಲಯ ನಡೆಸುವುದು ನಿಮ್ಮೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ.

ಸುಳ್ಳು ಶುರುವಾಗುವುದು ಕಂಪ್ಯೂಟರಿನಲ್ಲಿ ಬಣ್ಣ ಏರಿಸುತ್ತಾ ಹೋದಾಗ. ಮೂಲ ರಾ ಫೈಲನ್ನು ಎಂದೂ ಅಳಿಸಬೇಡಿ. ಅದರ ಬೆಲೆ ದೊಡ್ಡದು. 1910ರಲ್ಲಿ ನಾರ್ವೆಯ ಕಾರ್ಲ್ ಸ್ಟೋರ್ಮರ್ ಎರಡು ಜಾಗಗಳಿಂದ ಒಂದೇ ಹೊತ್ತಿಗೆ ತೆಗೆದ ಫೋಟೊಗಳಿಂದಲೇ ಧ್ರುವಪ್ರಭೆಯ ಎತ್ತರವನ್ನು ಲೆಕ್ಕ ಹಾಕಿದರು. ಫಿನ್ಲೆಂಡಿನ ಹವ್ಯಾಸಿಗಳ ಚಿತ್ರಗಳಲ್ಲಿ ಕಂಡ ಮರಳದಿಬ್ಬದ ಸಾಲಿನಂಥ ಹೊಸ ರೂಪವನ್ನು ಹೆಲ್ಸಿಂಕಿ ವಿಶ್ವವಿದ್ಯಾಲಯದ ಮಿನ್ನಾ ಪಾಲ್ಮ್‌ರೋತ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದರು. ಎರಡೂ ಕಡೆ ಕೆಲಸಕ್ಕೆ ಬಂದದ್ದು ಸಮಯ ಮತ್ತು ಸ್ಥಳ ಖಚಿತವಾಗಿದ್ದ ಚಿತ್ರ. ಆದ್ದರಿಂದ ವಿಮಾನ ಹತ್ತುವ ಮೊದಲು ಕ್ಯಾಮೆರಾದ ಗಡಿಯಾರವನ್ನು ಸೆಕೆಂಡಿನ ಮಟ್ಟಿಗೆ ಸರಿಮಾಡಿಕೊಳ್ಳಿ. ನೀವು ನೋಡಿದ್ದು ಇನ್ನೊಬ್ಬರ ಅಧ್ಯಯನಕ್ಕೂ ಒದಗಲಿ.