ಚಿಕ್ಕ ಅಂಗಳದಲ್ಲಿ ಫ್ಲ್ಯಾಗ್ ಫುಟ್‌ಬಾಲ್

ಪ್ರಶ್ನೆ: ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು ನಾನು. ಏಳನೇ ತರಗತಿಯವರಿಗೆ ಫ್ಲ್ಯಾಗ್ ಫುಟ್‌ಬಾಲ್ ಕಲಿಸುವ ಆಸೆ. ನಮ್ಮಲ್ಲಿರುವುದು ಥ್ರೋಬಾಲ್ ಅಂಕಣದಷ್ಟೇ ಜಾಗ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಷ್ಟ್ರೇ, ಜಾಗದ ಚಿಂತೆ ಬಿಡಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿರುವ ಈ ಆಟದ ಮೊದಲ ಪಾಠಗಳಿಗೆ ನಿಮ್ಮ ಅಂಗಳ ಸಾಕು.

ಮೊದಲ ವಾರ ಚೆಂಡೇ ಬೇಡ. ಸೊಂಟದ ಎರಡೂ ಬದಿಗೆ ಮೊಳದುದ್ದದ ಬಟ್ಟೆಪಟ್ಟಿ ಸಿಕ್ಕಿಸಿ, ಇದೇ ಫ್ಲ್ಯಾಗ್. ಗಂಟು ಹಾಕಬೇಡಿ, ಎಳೆದ ಕೂಡಲೇ ಕೈಗೆ ಬರಬೇಕು. ಅಂಗಿ ಒಳಗೆ ಸೇರಿಸಿರಲಿ. ಕಬಡ್ಡಿ ಆಡಿದ ಮಕ್ಕಳಿಗೆ ತಪ್ಪಿಸಿಕೊಳ್ಳುವುದನ್ನು ಹೇಳಿಕೊಡಬೇಕಿಲ್ಲ. ಅಪ್ಪಿ ಹಿಡಿಯುವ ಚಾಳಿ ಬಿಡಿಸಬೇಕು ಅಷ್ಟೆ. ಇಲ್ಲಿ ಎಳೆಯುವುದು ಪಟ್ಟಿಯನ್ನು ಮಾತ್ರ. ತಳ್ಳುವಂತಿಲ್ಲ, ಓಡುವವರು ಕೈಯಿಂದ ಪಟ್ಟಿ ಮುಚ್ಚುವಂತೆಯೂ ಇಲ್ಲ. ಬೆನ್ನಟ್ಟುವವರ ಕಣ್ಣು ಎದುರಾಳಿಯ ಸೊಂಟದ ಮೇಲಿರಲಿ: ತಲೆ, ಭುಜ ಮೋಸ ಮಾಡುತ್ತವೆ, ಸೊಂಟ ಮಾಡುವುದಿಲ್ಲ.

ಎರಡನೇ ವಾರ ಚೆಂಡು ಕೊಡಿ. ಎಸೆಯುವಾಗ ಬೆರಳು ಹೊಲಿಗೆಯ ಮೇಲಿರಲಿ. ಎದೆಯೆತ್ತರಕ್ಕೆ ಬಂದ ಚೆಂಡು ಹಿಡಿಯುವಾಗ ಹೆಬ್ಬೆರಳುಗಳು ಜೊತೆಯಾಗಬೇಕು. ಸೊಂಟದ ಕೆಳಗೆ ಬಂದರೆ ಕಿರುಬೆರಳುಗಳು.

ಆಮೇಲೆ ಆಟ. ನಿಯಮದಂತೆ ತಂಡಕ್ಕೆ 5 ಮಂದಿ. ನಿಮ್ಮಲ್ಲಿ 3 ಸಾಕು. 4 ಅವಕಾಶಗಳೊಳಗೆ ಮಧ್ಯಗೆರೆ ದಾಟಬೇಕು. ದಾಟಿದರೆ ಕೊನೆಯ ವಲಯ ಮುಟ್ಟಲು ಮತ್ತೆ 4. ಚೆಂಡಿನೊಂದಿಗೆ ಮುಟ್ಟಿದರೆ 6 ಅಂಕ. ಪಟ್ಟಿ ಕಿತ್ತ ಜಾಗದಿಂದ ಮುಂದಿನ ಅವಕಾಶ.

ಪೂರ್ತಿ ಪಂದ್ಯಕ್ಕೆ ಅನುಮತಿ ಪಡೆದು ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಂಥ ಬಯಲಿಗೆ ಕರೆದೊಯ್ಯಿರಿ. ಹುಡುಗಿಯರನ್ನು ಬದಿಗೆ ಕೂರಿಸದೆ ಮೊದಲ ದಿನದಿಂದಲೇ ಆಡಿಸಿ.