ರನ್ ಒತ್ತುವ ಮುನ್ನ

ಬೆಂಗಳೂರಿನ ಸ್ಟ್ರಕ್ಚರಲ್ ಕನ್ಸಲ್ಟೆನ್ಸಿಗೆ ಇಂಟರ್ನ್ ಆಗಿ ಸೇರಿದ ಸಿವಿಲ್ ವಿದ್ಯಾರ್ಥಿಯ ಕೈಗೆ ಮೊದಲು ಬರುವುದು ಹೆಚ್ಚಾಗಿ 30×40 ಸೈಟಿನ ಒಂದು ಮನೆ, ಸ್ಟಿಲ್ಟ್ ಮೇಲೆ ನಾಲ್ಕು ಮಹಡಿ. ಜೊತೆಗೆ ಇಟ್ಯಾಬ್ಸ್ ತಂತ್ರಾಂಶ. ನನಗೂ ಅದೇ ಬಂತು. ಸೋಮವಾರ ಕೊಟ್ಟ ಮಾಡೆಲ್ ಶನಿವಾರಕ್ಕೆ ಮುಗಿಯಬೇಕು. ನಡುವೆ ಆರ್ಕಿಟೆಕ್ಟ್ ಡ್ರಾಯಿಂಗ್ ಬದಲಿಸುತ್ತಾರೆ, ಸೀನಿಯರ್ ಇನ್ನೊಂದು ಕೆಲಸದಲ್ಲಿ ಮುಳುಗಿರುತ್ತಾರೆ, ಕಾಲೇಜಿಗೆ ತೋರಿಸಬೇಕಾದ ಡೈರಿ ಖಾಲಿ ಬಿದ್ದಿರುತ್ತದೆ. ತಂತ್ರಾಂಶದ ಗುಂಡಿಗಳನ್ನು ಕಲಿಯಲು ಒಂದೆರಡು ದಿನ ಸಾಕು. ಅದಕ್ಕೆ ಏನು ಉಣಿಸಬೇಕು, ಅದು ಹೇಳಿದ್ದರಲ್ಲಿ ಯಾವುದನ್ನು ನಂಬಬಾರದು ಎಂದು ತಿಳಿಯುವುದರಲ್ಲಿ ಉಳಿದ ವಾರ ಹೋಗುತ್ತದೆ.

1. ಗೋಡೆ ಯಾವುದರದ್ದು ಎಂದು ಸೋಮವಾರವೇ ಕೇಳಿ.

ಡ್ರಾಯಿಂಗಿನಲ್ಲಿ ಗೋಡೆ ಎಂದರೆ ಎರಡು ಗೆರೆ, ಅಷ್ಟೇ. 230 ಮಿ.ಮೀ. ಇಟ್ಟಿಗೆ ಗೋಡೆಯನ್ನೇ ತೆಗೆದುಕೊಳ್ಳಿ. ಮಹಡಿಯ ಎತ್ತರ 3 ಮೀಟರ್, ಅದರಲ್ಲಿ 450 ಮಿ.ಮೀ. ಬೀಮ್ ಕಳೆದರೆ ಗೋಡೆ 2.55 ಮೀಟರ್. ಘನ ಮೀಟರಿಗೆ 20 ಕಿಲೋನ್ಯೂಟನ್ ಹಿಡಿದರೆ ಬೀಮಿನ ಪ್ರತಿ ಮೀಟರಿನ ಮೇಲೆ ಸುಮಾರು 11.7 ಕಿಲೋನ್ಯೂಟನ್ ಕೂರುತ್ತದೆ. ಅದೇ ಗೋಡೆಯನ್ನು 200 ಮಿ.ಮೀ. ಎಎಸಿ ಬ್ಲಾಕಿನಲ್ಲಿ ಕಟ್ಟಿದರೆ ಪ್ಲಾಸ್ಟರ್ ಸೇರಿಸಿದರೂ ಅದರ ಅರ್ಧದಷ್ಟಾಗುವುದಿಲ್ಲ. ಬೀಮು, ಕಾಲಮ್, ಫುಟಿಂಗ್ ಎಲ್ಲವೂ ಈ ಒಂದು ಉತ್ತರದ ಮೇಲೆ ನಿಂತಿವೆ. ಆರ್ಕಿಟೆಕ್ಟರಿಗೂ ಖಚಿತವಿಲ್ಲದಿದ್ದರೆ ಮನೆ ಕಟ್ಟಿಸುವವರನ್ನೇ ಕೇಳಿಸಬೇಕು. ಟೆರೇಸಿನ ನೀರಿನ ಟ್ಯಾಂಕಿನದೂ ಇದೇ ಕತೆ. ಸಾವಿರ ಲೀಟರ್ ಎಂದರೆ ಒಂದು ಟನ್, ಅದು ಯಾವ ಮೂಲೆಯಲ್ಲಿ ಕೂರುತ್ತದೆ ಎಂಬುದು ಗೊತ್ತಿರಬೇಕು. ಇಂಟರ್ನ್ ಸೋಮವಾರ ಪ್ರಶ್ನೆ ಕೇಳಿದರೆ ಯಾರೂ ಬೈಯುವುದಿಲ್ಲ. ಶುಕ್ರವಾರ ಕೇಳಿದರೆ ಬೈಯುತ್ತಾರೆ, ಬೈಯಲೂಬೇಕು.

2. ಕಟ್ಟಡದ ಒಟ್ಟು ತೂಕವನ್ನು ಮೊದಲೇ ಕಾಗದದ ಮೇಲೆ ಬರೆದಿಡಿ.

ಇಂಥ ಮನೆಗಳಿಗೆ ಗೋಡೆ, ಸ್ಲ್ಯಾಬ್, ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ 10ರಿಂದ 12 ಕಿಲೋನ್ಯೂಟನ್ ಎಂಬುದು ಕಚೇರಿಗಳಲ್ಲಿ ಓಡುವ ಬಾಯಿಲೆಕ್ಕ. 80 ಚದರ ಮೀಟರಿನ ಐದು ಸ್ಲ್ಯಾಬುಗಳಾದರೆ 4,000ದಿಂದ 4,800 ಕಿಲೋನ್ಯೂಟನ್. ಬೇಸ್ ರಿಯಾಕ್ಷನ್ ಪಟ್ಟಿಯಲ್ಲಿ 2,600 ಬಂದರೆ ಎಲ್ಲೋ ಗೋಡೆಯ ಭಾರ ಬಿಟ್ಟುಹೋಗಿದೆ. 9,000 ಬಂದರೆ ಯಾವುದೋ ಭಾರ ಎರಡು ಸಲ ಸೇರಿದೆ. ರನ್ ಆದ ಮೇಲೆ ಈ ಅಂದಾಜು ಬರೆದರೆ ಪ್ರಯೋಜನವಿಲ್ಲ. ಪರದೆಯ ಮೇಲಿನ ಸಂಖ್ಯೆ ಕಂಡೊಡನೆ ನಮ್ಮ ಅಂದಾಜು ತಾನಾಗಿ ಅದರತ್ತ ವಾಲುತ್ತದೆ.

3. ಬಲಗಳನ್ನು ನೋಡುವ ಮೊದಲು ಕಟ್ಟಡವನ್ನು ಅಲ್ಲಾಡಿಸಿ ನೋಡಿ.

ಮೋಡಲ್ ಅನಾಲಿಸಿಸ್ ಓಡಿಸಿ ಆನಿಮೇಶನ್ ಹಾಕಿ. ಕಾಲಮಿಗೆ ಕೂಡಿಕೊಳ್ಳದ ಬೀಮ್ ಅಲ್ಲಿ ಮುರಿದ ರೆಕ್ಕೆಯ ಹಾಗೆ ಬಡಿದುಕೊಳ್ಳುತ್ತದೆ. ಪಟ್ಟಿಗಳಲ್ಲಿ ಹುಡುಕಿದರೆ ಮಧ್ಯಾಹ್ನವಿಡೀ ಸಿಗುವುದಿಲ್ಲ. ಅಡಿ-ಇಂಚಿನ ಡ್ರಾಯಿಂಗನ್ನು ಮಿಲಿಮೀಟರಿಗೆ ತರುವಾಗ ಗ್ರಿಡ್ ನಾಲ್ಕೈದು ಮಿ.ಮೀ. ಅತ್ತಿತ್ತ ಆಗುವುದೇ ಇದರ ಮೂಲ. ಇಷ್ಟು ಎತ್ತರದ ಮನೆಯ ಮೊದಲ ಪೀರಿಯಡ್ ಹತ್ತು ಸೆಕೆಂಡ್ ಬಂದರೆ ಅದು ಕಟ್ಟಡವಲ್ಲ, ಬಿಡಿಭಾಗಗಳ ರಾಶಿ. ಮೊದಲ ಮೋಡಿನಲ್ಲೇ ಕಟ್ಟಡ ತಿರುಚಿಕೊಳ್ಳುತ್ತಿದ್ದರೆ ದೋಷ ಹೆಚ್ಚಾಗಿ ಮಾಡೆಲಿನದಲ್ಲ. ಲಿಫ್ಟ್ ಗೋಡೆಯನ್ನು ಒಂದೇ ಮೂಲೆಗೆ ತಳ್ಳಿದ್ದಾರೆಯೇ ಎಂದು ಪ್ಲಾನ್ ನೋಡಿ, ಸೀನಿಯರಿಗೆ ತೋರಿಸಿ.

4. ಮೊದಲೇ ತುಂಬಿಕೊಂಡು ಬರುವ ಸಂಖ್ಯೆಗಳನ್ನು ಕೋಡ್ ಪಕ್ಕದಲ್ಲಿಟ್ಟು ಓದಿ.

ಭೂಕಂಪದ ಕೋಡ್ ಐಎಸ್ 1893ರ 2016ರ ಆವೃತ್ತಿಯಲ್ಲಿ ಬೆಂಗಳೂರು 2ನೇ ವಲಯ, ವಲಯಾಂಕ 0.10, ಮಂಗಳೂರು 3ನೇ ವಲಯ, 0.16. ಬಿರುಕು ಬಿಟ್ಟ ಕಾಂಕ್ರೀಟಿನ ಬಿಗಿತವನ್ನು ಬೀಮುಗಳಿಗೆ 0.35, ಕಾಲಮುಗಳಿಗೆ 0.70 ಎಂದು ನಾವೇ ಇಳಿಸಿ ಕೊಡಬೇಕು. ಕೊಡದಿದ್ದರೆ ಕಟ್ಟಡ ಇರುವುದಕ್ಕಿಂತ ಗಟ್ಟಿಯಾಗಿ ಕಾಣಿಸುತ್ತದೆ, ಡ್ರಿಫ್ಟ್ ಕಡಿಮೆ ಬರುತ್ತದೆ, ಎಲ್ಲರಿಗೂ ಖುಷಿ.

5. ಫೈಲಿನ ಹೆಸರಿನಲ್ಲಿ ತಾರೀಖು ಮತ್ತು ಡ್ರಾಯಿಂಗಿನ ರಿವಿಷನ್ ಸಂಖ್ಯೆ ಇರಲಿ. ‘ಫೈನಲ್’ ಎಂದು ಎಂದೂ ಬರೆಯಬೇಡಿ.

6. ಬಣ್ಣದ ಚಿತ್ರಕ್ಕೆ ಮರುಳಾಗಬೇಡಿ.

ನಾರ್ವೆಯ ಸ್ಲೈಪ್ನರ್ ಎ ತೈಲ ವೇದಿಕೆಯ ಕಾಂಕ್ರೀಟ್ ತಳ 1991ರ ಆಗಸ್ಟ್ 23ರಂದು ಸ್ಟಾವಾಂಗರ್ ಬಳಿಯ ಕಡಲಕವಲಿನಲ್ಲಿ ಪರೀಕ್ಷೆಗೆಂದು ಮುಳುಗಿಸುತ್ತಿರುವಾಗಲೇ ಒಡೆದು ತಳ ಸೇರಿತು. ವಿನ್ಯಾಸಕ್ಕೆ ಬಳಸಿದ್ದು ಹೆಸರಾಂತ ನಾಸ್ಟ್ರಾನ್ ತಂತ್ರಾಂಶ. ಆದರೆ ಆ ತಳದ ಕೋಶಗಳ ಗೋಡೆಗಳು ಕೂಡುವ ಜಾಗದಲ್ಲಿ ಮೆಶ್ ಒರಟಾಗಿತ್ತು, ಶಿಯರ್ ಒತ್ತಡ ಶೇ. 47ರಷ್ಟು ಕಡಿಮೆ ಬಂದಿತ್ತು. ಬಳಿಕ ಎಚ್ಚರದಿಂದ ಲೆಕ್ಕ ಹಾಕಿದಾಗ 62 ಮೀಟರ್ ಆಳದಲ್ಲಿ ಒಡೆಯಬೇಕೆಂದು ಉತ್ತರ ಬಂತು. ಒಡೆದದ್ದು 65 ಮೀಟರಿನಲ್ಲಿ. ನಮ್ಮದು ಸಣ್ಣ ಮನೆ, ಹೋಲಿಕೆ ಅತಿಯಾಯಿತು ಎನ್ನಬಹುದು. ಆದರೂ ಲಿಫ್ಟ್ ಗೋಡೆಯ ಮೆಶ್ಶನ್ನು ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ಓಡಿಸಲು ಹಿಡಿಯುವುದು ಒಂದು ಕಾಫಿಯ ಹೊತ್ತು. ಉತ್ತರ ಬದಲಾದರೆ ಮೊದಲಿನದು ಉತ್ತರವೇ ಆಗಿರಲಿಲ್ಲ.

7. ಮಾಡೆಲ್ ತೋರಿಸದ್ದು ಸ್ಟಿಲ್ಟಿನಲ್ಲಿದೆ.

ಮೇಲಿನ ಮಹಡಿಗಳ ಗೋಡೆಗಳನ್ನು ನಾವು ಬರೀ ಭಾರವಾಗಿ ಕೊಟ್ಟಿರುತ್ತೇವೆ. ನಿಜದಲ್ಲಿ ಅವು ಆ ಮಹಡಿಗಳನ್ನು ಬಿಗಿಯಾಗಿ ಹಿಡಿಯುತ್ತವೆ, ಕಾರು ನಿಲ್ಲುವ ಕೆಳಗಿನ ಮಹಡಿ ಮಾತ್ರ ಬಡವಾಗುತ್ತದೆ. 2001ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಇಂಥ ಸ್ಟಿಲ್ಟ್ ಅಪಾರ್ಟ್‌ಮೆಂಟುಗಳು ಕುಸಿದವು. ಬೆಂಗಳೂರಿನ ವಲಯ ಬೇರೆ, ನಿಜ. ಆದರೆ ಇಲ್ಲಿನ ಬೀದಿಬೀದಿಯಲ್ಲೂ ಸ್ಟಿಲ್ಟ್ ಇದೆ. ಇದನ್ನು ಹೇಗೆ ನಿಭಾಯಿಸಬೇಕೆಂಬುದು ಸೀನಿಯರ್ ಮುಂದೆ ಕೂತು ಕೇಳಬೇಕಾದ ಮಾತು. ಪರದೆಯ ಮೇಲೆ ಕೆಂಪು ಬಣ್ಣ ಬರಲಿಲ್ಲ ಎಂದು ಸುಮ್ಮನಾಗುವಂತಿಲ್ಲ.

8. ಕೊನೆಗೆ ಬೀಮಿನ ಅಡ್ಡಕೊಯ್ತವನ್ನು ಅಳತೆಗೆ ಸರಿಯಾಗಿ ಬರೆದು ನೋಡಿ.

ಇಟ್ಯಾಬ್ಸ್ ಕೊಡುವುದು ಕಬ್ಬಿಣದ ವಿಸ್ತೀರ್ಣ: 1,950 ಚದರ ಮಿ.ಮೀ. ಎನ್ನಿ. 25 ಮಿ.ಮೀ.ನ ನಾಲ್ಕು ಕಂಬಿ ಸಾಕು ಎಂದು ಬರೆದುಬಿಡುವುದು ಸುಲಭ. ಆದರೆ ಬೀಮಿನ ಅಗಲ 230. ಎರಡೂ ಬದಿ 25 ಕವರ್, 8ರ ರಿಂಗ್ ಕಳೆದರೆ ಉಳಿಯುವುದು 164. ಕಂಬಿಗಳೇ 100 ತಿನ್ನುತ್ತವೆ. ನಡುವಿನ ಮೂರು ಸಂದುಗಳಿಗೆ ತಲಾ 21. ಕಾಂಕ್ರೀಟಿನ ಕೋಡ್ ಐಎಸ್ 456ರ ಪ್ರಕಾರ ಸಂದು ಕಂಬಿಯ ದಪ್ಪಕ್ಕಿಂತ, 20 ಮಿ.ಮೀ. ಜಲ್ಲಿಯ ಮೇಲೆ 5 ಸೇರಿಸಿದ್ದಕ್ಕಿಂತ ಕಡಿಮೆ ಇರಬಾರದು. ಎರಡು ಬಗೆಯಲ್ಲೂ 25 ಬೇಕು. ಸೈಟಿನ ಬಾರ್ ಬೆಂಡರ್ ಇದನ್ನು ಡ್ರಾಯಿಂಗ್ ನೋಡಿದ ಕೂಡಲೇ ಹೇಳುತ್ತಾರೆ. ಕಂಬಿಯನ್ನು ಎರಡನೇ ಸಾಲಿಗೆ ಇಳಿಸಿದರೆ ಬೀಮಿನ ಉಪಯುಕ್ತ ಆಳ ಕಡಿಮೆಯಾಗಿ, ಬೇಕಾದ ಕಬ್ಬಿಣ ಇನ್ನಷ್ಟು ಏರುತ್ತದೆ. ಆಗ ಬೀಮಿನ ಆಳವನ್ನೇ ಹೆಚ್ಚಿಸಬೇಕಾಗಬಹುದು. ಅದಕ್ಕೆ ಆರ್ಕಿಟೆಕ್ಟ್ ಒಪ್ಪಬೇಕು, ಅವರ ಕಿಟಕಿಯ ಲಿಂಟೆಲ್ ಅಲ್ಲೇ ಇರುತ್ತದೆ.