ಫ್ಲ್ಯಾಟ್‌ನಲ್ಲಿ ಬೆಕ್ಕು: ಬಾಗಿಲು ಮುಚ್ಚಿದ ಮೇಲೆ ಹೊಣೆ ನಮ್ಮದು

ಫಜ್ರ್ ಹೊತ್ತು. ವುಝೂ ಮಾಡಲೆಂದು ತುಂಬಿಸಿಟ್ಟ ಬಕೆಟಿಗೆ ಬೆಕ್ಕು ಬಾಯಿ ಹಾಕಿ ನಾಲ್ಕು ಗುಟುಕು ನೀರು ಕುಡಿಯಿತು. ‘ಆ ನೀರು ಚೆಲ್ಲು’ ಎನ್ನುತ್ತಾರೆ ಅಜ್ಜಿ. ‘ಬೇಡ ಅಜ್ಜೀ, ಬೆಕ್ಕಿನ ಎಂಜಲು ನಜಸ್ ಅಲ್ಲ’ ಎನ್ನುತ್ತಾಳೆ ಮೊಮ್ಮಗಳು. ಅದೇ ಮನೆಯ ಸೊಸೆಗೆ ಈಗ ಮೂರು ತಿಂಗಳು. ಬೆಕ್ಕಿನಿಂದ ಗರ್ಭಕ್ಕೆ ಅಪಾಯವೆಂದು ಯಾರೋ ಹೇಳಿದ್ದರಿಂದ, ಅದನ್ನು ಚೀಲಕ್ಕೆ ಹಾಕಿ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುವ ಮಾತೂ ನಡೆದಿದೆ.

ಮಂಗಳೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಎರಡು ಕೋಣೆಯ ಫ್ಲ್ಯಾಟ್‌ನಲ್ಲಿ ಬೆಕ್ಕು ಸಾಕುವ ಮನೆಗಳಲ್ಲಿ ಇಂಥ ಮಾತು ಹೊಸದಲ್ಲ. ಒಂದು ಕಡೆ ಅತಿಯಾದ ಭಯ, ಇನ್ನೊಂದು ಕಡೆ ಅತಿಯಾದ ಸಲುಗೆ. ಎರಡಕ್ಕೂ ಕಾರಣ ತಿಳಿವಳಿಕೆಯ ಕೊರತೆ. ಬೆಕ್ಕಿನ ವಿಷಯದಲ್ಲಿ ನಮ್ಮ ಧರ್ಮ ಕಲಿಸಿದ್ದೇನು, ವೈದ್ಯಶಾಸ್ತ್ರ ಹೇಳುವುದೇನು ಎಂಬುದನ್ನು ಒಟ್ಟಿಗೆ ಇಟ್ಟು ನೋಡೋಣ.

ಯಾವುದು ಶುದ್ಧ, ಯಾವುದು ಅಶುದ್ಧ?

ಬಕೆಟಿನ ಪ್ರಶ್ನೆಗೆ ಉತ್ತರ ಸಹಾಬಿ ಅಬೂ ಕತಾದಾ(ರ) ಅವರ ಮನೆಯಲ್ಲೇ ಇದೆ. ಅವರ ಸೊಸೆ ಕಬ್ಶಾ ಮಾವನ ವುಝೂಗೆ ನೀರು ಇಟ್ಟಾಗ ಬೆಕ್ಕೊಂದು ಕುಡಿಯಲು ಬಂತು. ಅವರು ಪಾತ್ರೆಯನ್ನು ಬೆಕ್ಕಿನ ಕಡೆಗೆ ವಾಲಿಸಿ ಕುಡಿಯಲು ಬಿಟ್ಟರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ನಜಸ್ ಅಲ್ಲ, ಅದು ನಿಮ್ಮ ನಡುವೆ ಸುತ್ತಾಡುತ್ತಿರುವ ಪ್ರಾಣಿ ಎಂದು ಪ್ರವಾದಿ(ಸ)ರು ತಿಳಿಸಿದ್ದನ್ನು ನೆನಪಿಸಿದರು. ಅಬೂ ದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿ ಈ ಹದೀಸ್ ಇದೆ. ಬೆಕ್ಕು ಬಾಯಿ ಹಾಕಿದ ನೀರನ್ನು, ಬೇರೆ ನೀರು ಇರುವಾಗ ವುಝೂಗೆ ಬಳಸದಿರುವುದು ಉತ್ತಮವೆಂದು ಹನಫಿ ವಿದ್ವಾಂಸರು ಹೇಳುತ್ತಾರೆ. ಆದರೆ ಅದು ನಜಸ್ ನೀರಲ್ಲ. ಬೆಕ್ಕಿನ ಬಾಯಲ್ಲಿ ಇಲಿಯ ರಕ್ತವೋ ಬೇರೆ ಕೊಳೆಯೋ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಆ ನೀರನ್ನು ಚೆಲ್ಲಬೇಕು.

ಈ ರಿಯಾಯಿತಿ ಎಂಜಲಿಗೆ ಮಾತ್ರ. ಬೆಕ್ಕಿನ ಮೂತ್ರ, ಮಲ, ವಾಂತಿ ನಜಸ್ ಆಗಿವೆ. ಅವು ತಾಗಿದ ಬಟ್ಟೆಯಲ್ಲಿ, ಚಾಪೆಯಲ್ಲಿ ನಮಾಝ್ ಸಲ್ಲದು. ಮೊದಲು ಕೊಳೆಯನ್ನು ಕಾಗದದಿಂದ ಎತ್ತಿ ತೆಗೆಯಬೇಕು. ಬಳಿಕ ಬಣ್ಣ, ವಾಸನೆ ಹೋಗುವ ತನಕ ಶುದ್ಧ ನೀರು ಹಾಯಿಸಿ ತೊಳೆಯಬೇಕು. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಬಿಟ್ಟರೆ ಕೊಳೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ.

ಇನ್ನು ಕೂದಲು. ಉದುರಿದ ಬೆಕ್ಕಿನ ಕೂದಲು ಹನಫಿ ಮದ್ಹಬ್‌ನ ಪ್ರಕಾರ ಶುದ್ಧ. ಶಾಫಿಈ ಮದ್ಹಬ್‌ನಲ್ಲಿ ಅದು ನಜಸ್ ಎಂದಿದ್ದರೂ, ಬಟ್ಟೆಯಲ್ಲಿ ಅಂಟಿದ ಕೆಲವು ಎಳೆಗಳಿಗೆ ವಿನಾಯಿತಿ ಇದೆ. ಹೇಗಿದ್ದರೂ ನಮಾಝ್‌ನ ಮುಸಲ್ಲಾವನ್ನು ನೆಲದಲ್ಲಿ ಹಾಸಿಯೇ ಬಿಡದೆ, ಮಡಚಿ ಕಪಾಟಿನಲ್ಲಿ ಇಡುವುದು ಒಳ್ಳೆಯದು. ನಮಾಝ್‌ನ ಉಡುಪು ಬೆಕ್ಕು ಮಲಗುವ ಕುರ್ಚಿಯ ಮೇಲೆ ಇರಬಾರದು.

ಮುಚ್ಚಿದ ಬಾಗಿಲಿನ ಹೊಣೆ

ಬೆಕ್ಕಿನ ಬಗ್ಗೆ ಇನ್ನೊಂದು ಹದೀಸ್ ನಮಗೆಲ್ಲ ಗೊತ್ತು. ಒಬ್ಬ ಮಹಿಳೆ ಬೆಕ್ಕನ್ನು ಕೂಡಿ ಹಾಕಿ ಸಾಯಿಸಿದ್ದಕ್ಕಾಗಿ ಶಿಕ್ಷೆಗೆ ಗುರಿಯಾದಳು. ಬುಖಾರಿ ಮತ್ತು ಮುಸ್ಲಿಂ ಗ್ರಂಥಗಳಲ್ಲಿರುವ ಈ ಹದೀಸ್‌ನಲ್ಲಿ ಅವಳ ತಪ್ಪನ್ನು ವಿವರವಾಗಿ ಹೇಳಲಾಗಿದೆ: ಅವಳು ಅದಕ್ಕೆ ಆಹಾರ ಕೊಡಲಿಲ್ಲ, ನೆಲದ ಹುಳು ಹುಪ್ಪಟೆ ತಿಂದು ಬದುಕಲು ಹೊರಗೂ ಬಿಡಲಿಲ್ಲ.

ಫ್ಲ್ಯಾಟ್‌ನಲ್ಲಿ ಬೆಕ್ಕು ಸಾಕುವವರು ಈ ಮಾತನ್ನು ನಿಧಾನವಾಗಿ ಓದಬೇಕು. ಹಿಂದೆ ಹಂಚಿನ ಮನೆಯಲ್ಲಿದ್ದ ಬೆಕ್ಕು ತನ್ನ ಬೇಟೆ ತಾನೇ ಹಿಡಿಯುತ್ತಿತ್ತು. ಹಿತ್ತಿಲ ಮಣ್ಣು ಕೆದರಿ ಮಲ ಮುಚ್ಚುತ್ತಿತ್ತು. ಸೆಕೆಯಾದರೆ ಬಾವಿಕಟ್ಟೆಯ ನೆರಳಿಗೆ ಹೋಗುತ್ತಿತ್ತು. ನಾಲ್ಕನೇ ಮಹಡಿಯಲ್ಲಿ ಬಾಗಿಲು ಹಾಕಿದ ಕೂಡಲೇ ಅವೆಲ್ಲವೂ ಅದರ ಕೈತಪ್ಪಿ ನಮ್ಮ ಹೆಗಲಿಗೆ ಬಂದವು. ಮುಂದೆ ಹೇಳುವ ಒಂದೊಂದು ಕೆಲಸವೂ ಮನೆಯ ಶುಚಿತ್ವಕ್ಕೆ ಬೇಕಾದದ್ದು. ಜೊತೆಗೆ ಅದು ಆ ಮೂಕಪ್ರಾಣಿಯ ಹಕ್ಕು ಕೂಡ.

ಲಿಟರ್ ಟ್ರೇ

ಬೆಕ್ಕಿಗೆ ಮಣ್ಣು ಕೆದರುವುದು ಹುಟ್ಟುಗುಣ. ಆದ್ದರಿಂದ ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಎರಡು ಮೂರು ಇಂಚು ದಪ್ಪಕ್ಕೆ ಕ್ಯಾಟ್ ಲಿಟರ್ ಹಾಕಿಡಬೇಕು. ಅದು ದುಬಾರಿ ಎನಿಸಿದರೆ ಒಣ ಮರಳು ಅಥವಾ ಮರದ ಹೊಟ್ಟು ಆಗಬಹುದು. ತಟ್ಟೆ ಅಡುಗೆಮನೆಯಿಂದ, ನಮಾಝ್‌ನ ಜಾಗದಿಂದ, ಬೆಕ್ಕಿನ ಊಟದ ಬಟ್ಟಲಿನಿಂದ ದೂರವಿರಲಿ. ಯುಟಿಲಿಟಿಯ ಮೂಲೆ ಅಥವಾ ಬಾಲ್ಕನಿಯ ನೆರಳು ಸೂಕ್ತ. ವುಝೂ ಮಾಡುವ ಬಚ್ಚಲಲ್ಲಿ ಇಟ್ಟರೆ ನೆಲದ ನೀರು ತಾಗಿ ಕೊಳೆ ಕಾಲಿಗೆ ಅಂಟುತ್ತದೆ.

ದಿನಕ್ಕೆ ಒಮ್ಮೆಯಾದರೂ ಗಟ್ಟಿಯಾದ ಭಾಗವನ್ನು ಸೌಟಿನಂಥ ಜಾಲರಿಯಿಂದ ತೆಗೆದು, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಬೇಕು. ಕಮೋಡಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬಾರದು. ಎರಡು ಬೆಕ್ಕುಗಳಿದ್ದರೆ ಒಂದೇ ತಟ್ಟೆ ಸಾಲದು. ಬೆಕ್ಕಿನ ಸಂಖ್ಯೆಗಿಂತ ಒಂದು ಹೆಚ್ಚು ಇರಲಿ ಎಂಬುದು ಪಶುವೈದ್ಯರ ಸಲಹೆ.

ಸ್ವಚ್ಛತೆಗೆಂದು ಫಿನಾಯಿಲ್ ಬಳಸುವ ಅಭ್ಯಾಸ ನಮ್ಮಲ್ಲಿದೆ. ಫೀನಾಲ್ ಇರುವ ದ್ರಾವಣಗಳು ಬೆಕ್ಕಿಗೆ ವಿಷ. ಒರೆಸಿದ ನೆಲದಲ್ಲಿ ನಡೆದು ಪಾದ ನೆಕ್ಕಿದರೂ ಸಾಕು, ವಿಷ ಹೊಟ್ಟೆ ಸೇರುತ್ತದೆ. ಮೂತ್ರದ ಮೇಲೆ ಬ್ಲೀಚಿಂಗ್ ದ್ರಾವಣ ಸುರಿದರೆ, ಅದು ಅಮೋನಿಯಾದೊಂದಿಗೆ ಸೇರಿ ನಮ್ಮ ಶ್ವಾಸಕೋಶಕ್ಕೇ ಹಾನಿ ಮಾಡುವ ಹೊಗೆ ಏಳುತ್ತದೆ. ಸಾಬೂನು ನೀರು, ಬಿಸಿಲು ಇವೆರಡೇ ಸಾಮಾನ್ಯವಾಗಿ ಸಾಕು.

ತಟ್ಟೆ ಬಳಸುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಹಾಸಿಗೆಯಲ್ಲಿ ಮೂತ್ರ ಮಾಡಿದರೆ ಹೊಡೆಯಬೇಡಿ. ತಟ್ಟೆ ಕೊಳಕಾಗಿರಬಹುದು ಅಥವಾ ಅದಕ್ಕೆ ಕಾಯಿಲೆ ಇರಬಹುದು. ಗಂಡು ಬೆಕ್ಕು ತಟ್ಟೆಯಲ್ಲಿ ಮತ್ತೆ ಮತ್ತೆ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ ಅದು ತುರ್ತು ಸ್ಥಿತಿ. ನಾಳೆ ನೋಡೋಣ ಎಂದರೆ ಜೀವ ಉಳಿಯದು.

ಗರ್ಭಿಣಿ ಇರುವ ಮನೆ

ಈಗ ಸೊಸೆಯ ವಿಷಯಕ್ಕೆ ಬರೋಣ. ಭಯ ಸುಳ್ಳಲ್ಲ. ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಬೆಕ್ಕಿನ ಮಲದಲ್ಲಿ ಹೊರಬರುತ್ತದೆ. ಗರ್ಭಿಣಿಗೆ ಅದು ಮೊದಲ ಬಾರಿಗೆ ಸೋಂಕಿದರೆ ಗರ್ಭಪಾತವಾಗಬಹುದು, ಮಗುವಿನ ಕಣ್ಣು ಮತ್ತು ಮಿದುಳಿಗೆ ಹಾನಿಯಾಗಬಹುದು.

ಆದರೆ ಅದು ಹರಡುವ ಬಗೆಯನ್ನು ತಿಳಿದರೆ ಭಯ ಹತೋಟಿಗೆ ಬರುತ್ತದೆ. ಬೆಕ್ಕಿಗೆ ಈ ಸೋಂಕು ಬರುವುದು ಇಲಿ, ಹಕ್ಕಿ ಅಥವಾ ಹಸಿ ಮಾಂಸ ತಿಂದಾಗ. ಸೋಂಕಿದ ಬೆಕ್ಕು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಮಾತ್ರ ಅದನ್ನು ಮಲದಲ್ಲಿ ಹೊರಹಾಕುತ್ತದೆ. ಆ ಮಲವೂ ಕೂಡಲೇ ಸೋಂಕು ಹರಡುವುದಿಲ್ಲ. ಅದಕ್ಕೆ 1ರಿಂದ 5 ದಿನ ಬೇಕು. ಆದ್ದರಿಂದಲೇ ದಿನವೂ ತಟ್ಟೆ ಶುಚಿ ಮಾಡುವುದು ಇಷ್ಟು ಮುಖ್ಯ. ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ, ಅದು ಮಡಿಲಲ್ಲಿ ಮಲಗಿದ ಮಾತ್ರಕ್ಕೆ ಈ ಸೋಂಕು ಬರುವ ಸಾಧ್ಯತೆ ತೀರಾ ಕಡಿಮೆ. ಮನುಷ್ಯರಿಗೆ ಇದು ಸರಿಯಾಗಿ ಬೇಯದ ಮಾಂಸದಿಂದ, ತೊಳೆಯದ ತರಕಾರಿಗೆ ಅಂಟಿದ ಮಣ್ಣಿನಿಂದಲೂ ಬರುತ್ತದೆ. ಬೆಕ್ಕನ್ನು ಓಡಿಸಿ, ಅರೆಬೆಂದ ಕಬಾಬ್ ತಿನ್ನಿಸಿದರೆ ಸೊಸೆಯನ್ನು ಕಾಪಾಡಿದಂತಾಗದು.

ಹಾಗಾದರೆ ಮಾಡಬೇಕಾದದ್ದೇನು? ಗರ್ಭಿಣಿ ಲಿಟರ್ ತಟ್ಟೆಯನ್ನು ಮುಟ್ಟಬಾರದು. ಆ ಕೆಲಸವನ್ನು ಗಂಡ ಅಥವಾ ಮನೆಯ ಬೇರೆಯವರು ವಹಿಸಿಕೊಳ್ಳಲಿ. ಬೇರೆ ದಾರಿಯೇ ಇಲ್ಲದಿದ್ದರೆ ಕೈಗವಸು ಹಾಕಿ ಮಾಡಿ, ಬಳಿಕ ಚೆನ್ನಾಗಿ ಕೈ ತೊಳೆಯಬೇಕು. ಬೆಕ್ಕಿಗೆ ಹಸಿ ಮಾಂಸ ಕೊಡಬಾರದು, ಹೊರಗೆ ಅಲೆಯಲು ಬಿಡಬಾರದು. ಮನೆಯಲ್ಲಿ ಬೆಕ್ಕಿದೆ ಎಂದು ಸ್ತ್ರೀರೋಗ ತಜ್ಞರಿಗೆ ತಿಳಿಸಿ; ಬೇಕೆನಿಸಿದರೆ ಅವರು ರಕ್ತಪರೀಕ್ಷೆ ಮಾಡಿಸುತ್ತಾರೆ.

ಮೀನು ಮಾರುಕಟ್ಟೆಯ ಮಾತಿನ ಬಗ್ಗೆ ಒಂದು ಮಾತು. ಮರಿಯಿಂದಲೇ ಫ್ಲ್ಯಾಟ್‌ನಲ್ಲಿ ಬೆಳೆದ ಬೆಕ್ಕಿಗೆ ಬೇಟೆ ಗೊತ್ತಿಲ್ಲ, ನಾಯಿಯ ಭಯ ಗೊತ್ತಿಲ್ಲ, ರಸ್ತೆ ದಾಟಲು ಗೊತ್ತಿಲ್ಲ. ಹಾಗೆ ಬಿಟ್ಟು ಬಂದರೆ ಅದಕ್ಕೆ ಬಿಡುಗಡೆ ಸಿಕ್ಕಿತೆಂದು ತಿಳಿಯಬಾರದು. ಬದುಕುವ ದಾರಿ ಕಲಿಯಗೊಡದೆ ಸಾಕಿ, ಕೊನೆಗೆ ಕೈಬಿಟ್ಟಂತಾಯಿತು. ನಿಜಕ್ಕೂ ಸಾಕಲಾಗದಿದ್ದರೆ ನೋಡಿಕೊಳ್ಳುವ ಇನ್ನೊಂದು ಮನೆ ಹುಡುಕಿ ಕೊಡಬೇಕು.

ಊಟ, ನೀರು

ಹಾಲು ಅನ್ನ ಹಾಕಿದರೆ ಬೆಕ್ಕಿಗೆ ಸಾಕು ಎಂಬುದು ತಪ್ಪು ಕಲ್ಪನೆ. ಬೆಕ್ಕು ಮಾಂಸಾಹಾರದಿಂದಲೇ ಬದುಕುವ ಪ್ರಾಣಿ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಅದರ ಕಣ್ಣು ಕುರುಡಾಗಬಹುದು, ಹೃದಯ ದುರ್ಬಲವಾಗಬಹುದು. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಮನೆ ಗಲೀಜಾಗಲು ಇದೂ ಒಂದು ಕಾರಣ. ಉಪ್ಪು, ಮಸಾಲೆ ಹಾಕದೆ ಬೇಯಿಸಿ ಎಲುಬು, ಮುಳ್ಳು ತೆಗೆದ ಕೋಳಿ ಅಥವಾ ಮೀನು ಕೊಡಬಹುದು. ಅದರೊಂದಿಗೆ ಬೆಕ್ಕಿಗೆಂದೇ ತಯಾರಾದ ಆಹಾರವೂ ಇರಲಿ.

ಬಿರಿಯಾನಿ, ಸಾರು ಮಿಕ್ಕಿದ್ದನ್ನು ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ನಾಶ ಮಾಡುತ್ತವೆ. ಬಕ್ರೀದ್ ದಿನ ಹಸಿ ಮಾಂಸದ ತುಂಡು, ಬೇಯಿಸಿದ ಎಲುಬು ಎರಡೂ ಬೇಡ. ಬೆಂದ ಎಲುಬು ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ರಮಝಾನ್‌ನಲ್ಲಿ ನಮ್ಮ ಊಟದ ಹೊತ್ತು ಬದಲಾದರೂ ಬೆಕ್ಕಿಗೆ ಉಪವಾಸವಿಲ್ಲ. ಅದರ ಹೊತ್ತಿಗೆ ಅದಕ್ಕೆ ಸಿಗಬೇಕು. ನೀರಿನ ಬಟ್ಟಲನ್ನು ದಿನವೂ ತೊಳೆದು ತುಂಬಿಸಿ. ಮನುಷ್ಯರ ಮಾತ್ರೆಯನ್ನು ಎಂದೂ ಕೊಡಬೇಡಿ. ಅರ್ಧ ಪ್ಯಾರಸಿಟಮಾಲ್ ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಲಸಿಕೆ, ಪರಚಿದ ಗಾಯ

ಮನೆಯೊಳಗಿನ ಬೆಕ್ಕಿಗೂ ಲಸಿಕೆ ಬೇಕು. ಆರರಿಂದ ಎಂಟು ವಾರದ ಮರಿಯನ್ನು ಪಶುವೈದ್ಯರಿಗೆ ತೋರಿಸಿ. ಬೆಕ್ಕುಗಳ ಮಾರಕ ರೋಗಗಳಿಗೆ ಮೊದಲ ಲಸಿಕೆ ಆಗ ಆರಂಭವಾಗುತ್ತದೆ. ಸುಮಾರು ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಬಳಿಕ ವೈದ್ಯರು ಹೇಳಿದ ಅವಧಿಗೆ ಮತ್ತೆ ಹಾಕಿಸಬೇಕು. ಜಂತುಹುಳುವಿನ ಔಷಧಿಯನ್ನೂ ಕೇಳಿ.

ಬೆಕ್ಕು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, ಅರಿಶಿನ ಹಚ್ಚಿ ಸುಮ್ಮನಿರಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಕ್ಕಳ ಚರ್ಮದಲ್ಲಿ ಉಂಗುರದಂಥ ತುರಿಕೆಯ ಮಚ್ಚೆ ಕಂಡರೆ ಅದು ಗಜಕರ್ಣವಿರಬಹುದು. ಮಗುವಿಗೂ ಬೆಕ್ಕಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಬೆಕ್ಕು ತರುವ ಮೊದಲೇ ವೈದ್ಯರನ್ನು ಕೇಳಿ. ಅಲರ್ಜಿ ತರುವ ಅಂಶ ಬೆಕ್ಕಿನ ಎಂಜಲು ಮತ್ತು ಚರ್ಮದಲ್ಲಿರುವುದರಿಂದ, ಕೂದಲು ಗುಡಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಮರಿಗಳನ್ನು ಬೀದಿಗೆ ಬಿಡುವ ಪರಿಸ್ಥಿತಿ ಬಾರದಿರಲು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಪಶುವೈದ್ಯರು ಸೂಚಿಸುತ್ತಾರೆ. ಇದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಪ್ರಯೋಜನವಿದ್ದರೆ ಅಥವಾ ಹಾನಿ ತಡೆಯಲು ಹನಫಿ ಗ್ರಂಥಗಳು ಅನುಮತಿಸುತ್ತವೆ, ಶಾಫಿಈ ಗ್ರಂಥಗಳಲ್ಲಿ ಬಿಗಿ ಹೆಚ್ಚು. ನಿಮ್ಮ ಮಸೀದಿಯ ಖತೀಬರಲ್ಲಿ ಕೇಳಿ ತೀರ್ಮಾನಿಸಿ.

ಬಾಲ್ಕನಿ ಮತ್ತು ನೆರೆಯವರು

ಬೆಕ್ಕು ಎಲ್ಲಿಂದ ಬಿದ್ದರೂ ಕಾಲೂರಿ ನಿಲ್ಲುತ್ತದೆ ಎಂದು ನಂಬಿ ಕೂರಬೇಡಿ. ಪಾರಿವಾಳದ ಹಿಂದೆ ಜಿಗಿದು ಮಹಡಿಯಿಂದ ಬಿದ್ದ ಬೆಕ್ಕಿನ ದವಡೆ, ಎದೆಗೂಡು, ಕಾಲು ಮುರಿಯುತ್ತವೆ. ಬಾಲ್ಕನಿಗೂ ಕಿಟಕಿಗೂ ಬಿಗಿಯಾದ ಬಲೆ ಹಾಕಿಸಿ.

ನೆರೆಯವರ ಹಕ್ಕಿನ ಬಗ್ಗೆ ನಮಗೆ ಎಷ್ಟು ಒತ್ತಿ ಹೇಳಲಾಗಿದೆ ಎಂಬುದು ತಿಳಿದದ್ದೇ. ನಮ್ಮ ಬೆಕ್ಕಿನ ವಾಸನೆ ಅವರ ಬಾಗಿಲಿಗೆ ಹೋಗಬಾರದು. ಮೆಟ್ಟಿಲಿನಲ್ಲಿ ಮೀನಿನ ತಲೆ ಹಾಕಿ ಬೀದಿಬೆಕ್ಕುಗಳನ್ನು ಕರೆಯುವುದು ಪುಣ್ಯವೆಂದು ನಮಗೆ ಅನಿಸಬಹುದು, ಮೆಟ್ಟಿಲು ಹತ್ತುವವರಿಗೆ ಅದು ಉಪದ್ರವ. ಕೊಡುವುದಾದರೆ ಕಾಂಪೌಂಡಿನ ಒಂದು ಮೂಲೆಯಲ್ಲಿ ಕೊಟ್ಟು, ತಿಂದ ಮೇಲೆ ಜಾಗ ಶುಚಿ ಮಾಡಿ.

ತರುವ ಮೊದಲು ಯೋಚಿಸಿ

ಮಕ್ಕಳು ಹಟ ಮಾಡಿದರೆಂದು ಮರಿಯನ್ನು ತರುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ದಿನವೂ ತಟ್ಟೆ ಶುಚಿ ಮಾಡುವವರು ಯಾರು? ಊಟ, ಲಸಿಕೆ, ಚಿಕಿತ್ಸೆಯ ಖರ್ಚನ್ನು ಮನೆಯ ಲೆಕ್ಕದಲ್ಲಿ ಸೇರಿಸಿದ್ದೇವೆಯೇ? ರಜೆಯಲ್ಲಿ ಊರಿಗೆ ಹೋದಾಗ ಅದನ್ನು ನೋಡಿಕೊಳ್ಳುವವರು ಯಾರು? ಒಳ್ಳೆಯ ಬೆಕ್ಕು 15 ವರ್ಷವೂ ಬದುಕುತ್ತದೆ. ಇಂದು ಹಟ ಮಾಡುವ ಮಗು ಅಷ್ಟರಲ್ಲಿ ಕಾಲೇಜು ಮುಗಿಸಿರುತ್ತದೆ.

ಕೂಡಿಹಾಕಿದ ಬೆಕ್ಕಿಗಾಗಿ ಒಬ್ಬಳು ಶಿಕ್ಷೆಗೆ ಗುರಿಯಾದಳು. ಬಾಯಾರಿದ ನಾಯಿಗೆ ಬಾವಿಯಿಂದ ನೀರು ತಂದುಕೊಟ್ಟ ಒಬ್ಬನನ್ನು ಅಲ್ಲಾಹನು ಕ್ಷಮಿಸಿದನು. ಎರಡೂ ನಮ್ಮ ಹದೀಸ್ ಗ್ರಂಥಗಳಲ್ಲೇ ಇವೆ. ಫ್ಲ್ಯಾಟ್‌ನ ಬಾಗಿಲು ಹಾಕಿದಾಗಲೆಲ್ಲ ನಾವು ಈ ಇಬ್ಬರಲ್ಲಿ ಯಾರ ಸಾಲಿನಲ್ಲಿದ್ದೇವೆ ಎಂಬುದನ್ನು ಒಳಗಿನ ನೀರಿನ ಬಟ್ಟಲು ಮತ್ತು ಲಿಟರ್ ತಟ್ಟೆಯೇ ಹೇಳುತ್ತವೆ. ಶುಚಿತ್ವವನ್ನೂ ಕರುಣೆಯನ್ನೂ ಒಟ್ಟಿಗೆ ಪಾಲಿಸುವ ಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ನೀಡಲಿ.